ಪೆರ್ಪೆಟುವ ಕಾದ ಉತ್ತರ

ನ್ಯೆಂಡೊ ಮಾರುಕಟ್ಟೆಗೆ ಬಂದು, ಗೊಮೆಸಿ ಹೊಲಿಯುವ ಪೆರ್ಪೆಟುವಳ ಅಂಗಡಿ ಎಲ್ಲಿ ಎಂದು ಕೇಳಿ ನೋಡಿ. ಜನ ದಾರಿ ಹೇಳುವುದಿಲ್ಲ, ಕೈ ಹಿಡಿದು ತಂದು ಬಿಡುತ್ತಾರೆ. ಮಸಾಕದ ಸುತ್ತ ನಡೆಯುವ ಅರ್ಧ ಮದುವೆಗಳಲ್ಲಿ ಹೆಂಗಸರು ತೊಡುವ ನೆಲಮುಟ್ಟುವ ಅಂಗಿ ಗೊಮೆಸಿಯ ಭುಜ ಚೂಪಾಗಿ ನೆಟ್ಟಗೆ ನಿಲ್ಲುವುದು ಅವಳ ಕೈಗುಣದಿಂದ. ಐವತ್ತೆಂಟು ವರ್ಷ ಆಗಿದೆ, ಎಡಮಂಡಿ ಊದಿಕೊಂಡು ನೋಯುತ್ತದೆ, ಬಾಯಿ ಮಾತ್ರ ಒಂದಿಷ್ಟೂ ನೋಯುವುದಿಲ್ಲ. ಆದರೆ ಇಲ್ಲಿ ಹೇಳಬೇಕಾಗಿರುವುದು ಅವಳ ತಮ್ಮನ ಮಗಳು ನಮಾಲ್ವಳ ವಿಷಯ.

ನಮಾಲ್ವಳ ಅಪ್ಪ ಸರೋವರದ ದ್ವೀಪವೊಂದರಲ್ಲಿ ಮೀನಿನ ದೋಣಿ ನಡೆಸುತ್ತಾನೆ, ತಾಯಿ ಇಲ್ಲ. ಒಂಬತ್ತನೆಯ ವರ್ಷಕ್ಕೆ ಅವಳನ್ನು ಅಕ್ಕನ ಅಂಗಡಿಯ ಬಾಗಿಲಿಗೆ ತಂದು ಬಿಟ್ಟು ಹೋದ. ಅಪ್ಪನ ಅಕ್ಕ ಎಂದರೆ ನಮ್ಮಲ್ಲಿ ಸೆಂಗಾ. ಹೆಣ್ಣುಮಗುವಿಗೆ ನಡೆ ನುಡಿ ಕಲಿಸುವ ಹೊಣೆಯೆಲ್ಲ ಅವಳದೇ. ಹಿರಿಯರು ಕಂಡರೆ ಮಂಡಿಯೂರಬೇಕು, ಅವಸರ ಮಾಡದೆ ಕ್ಷೇಮ ಕೇಳಬೇಕು, ಅವರು ಉತ್ತರ ಕೊಟ್ಟು ಕೊನೆಗೆ ಇಬ್ಬರೂ "ಮ್ಮ್" ಎಂದು ಗುನುಗುವವರೆಗೆ ಏಳಬಾರದು. ಇದನ್ನು ನಮಾಲ್ವ ಕಲಿತದ್ದು ಆ ಅಂಗಡಿಯ ಸಿಮೆಂಟು ನೆಲದ ಮೇಲೆ, ಬಟ್ಟೆ ಚೂರುಗಳ ನಡುವೆ. ಹದಿನೇಳಾದರೂ ದಿನಾ ಬೆಳಿಗ್ಗೆ ಸೆಂಗಾಳ ಮುಂದೆ ಮಂಡಿಯೂರದೆ ಅವಳು ಚಹಾ ಮುಟ್ಟಿದ್ದಿಲ್ಲ.

ಓದಿನಲ್ಲಿ ಹುಡುಗಿ ಬಲು ಚುರುಕು. ಸೆಂಗಾ ಗಿರಾಕಿಗಳಿಗೆಲ್ಲ ಡಂಗುರ ಸಾರುತ್ತಿದ್ದಳು. "ನಮ್ಮ ಹುಡುಗಿ ಶಾಲೆಯ ಕಂಪ್ಯೂಟರಿನಲ್ಲೇ ಫಿನ್‌ಲೆಂಡಿಗೆ ಹೋಗಿ ಬರ್ತಾಳೆ ಕಣ್ರೀ! ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ, ಅಳತೆ ತಪ್ಪುತ್ತೆ."

ಅದು ಸುಳ್ಳೇನಲ್ಲ. ಶಾಲೆಯ ಕಂಪ್ಯೂಟರ್ ಮೇಷ್ಟ್ರು ಕಿಗೋಂಗೊ ಆ ವರ್ಷ ಒಂದು ಕೆಲಸ ಹಚ್ಚಿದ್ದರು. ಇಲ್ಲಿಯ ನಾಲ್ಕು ಮಕ್ಕಳು, ಫಿನ್‌ಲೆಂಡಿನ ಮೂವರು, ಚಿಲಿಯ ಮೂವರು ಸೇರಿ ಒಂದೇ ಕಡತದಲ್ಲಿ ಬರೆಯಬೇಕು, ಆಗಾಗ ವಿಡಿಯೊ ಕರೆಯಲ್ಲಿ ಭೇಟಿಯಾಗಬೇಕು. ಇಲ್ಲಿ ಒತ್ತಿದ ಅಕ್ಷರ ಅದೇ ಗಳಿಗೆಯಲ್ಲಿ ಅಲ್ಲಿ ಮೂಡುತ್ತದೆ. ವಿಷಯ, ಒಬ್ಬರನ್ನೊಬ್ಬರು ನಾವು ಹೇಗೆ ಮಾತಾಡಿಸುತ್ತೇವೆ ಎಂಬುದು. ನಮಾಲ್ವ ನಮ್ಮ ಮಾತುಗಳನ್ನು ಬರೆದಳು. ಹಗಲು ಕಳೆದ ಮೇಲೆ ಹಲವರನ್ನು ಕೇಳುವುದು "ಮುಸೀಬ್ಯೆ ಮುತ್ಯಾ", ದಿನ ಹೇಗೆ ಕಳೆಯಿತು ಎಂದು. ಕೇಳಿದವಳು ಹೆಂಗಸಾದರೆ ಉತ್ತರ "ಬುಲುಂಗಿ, ನ್ಯಾಬೊ", ಚೆನ್ನಾಗಿ ಕಳೆಯಿತು ಅಮ್ಮಾ ಎಂದು. ಹೇಗೆ ಉಚ್ಚರಿಸಬೇಕೆಂದು ತನ್ನ ದನಿಯಲ್ಲೇ ಹೇಳಿ ಸೇರಿಸಿದಳು. ಚಿಲಿಯ ತೊಮಾಸ್ ಪಕ್ಕದಲ್ಲಿ ಬರೆದ: "ನಿಮಗೆ ಸಂಜೆ ನಾಲ್ಕಾದಾಗ ನನಗೆ ಬೆಳಿಗ್ಗೆ ಒಂಬತ್ತು, ಇನ್ನೂ ಹಲ್ಲುಜ್ಜಿರೋದಿಲ್ಲ. ನನ್ನ ದಿನ ಚೆನ್ನಾಗಿ ಕಳೀತು ಅಂತ ಹೇಗೆ ಹೇಳಲಿ?" ಎಲ್ಲರೂ ನಕ್ಕರು. ಎಂಥ ಸಲಿಗೆ ಬೆಳೆದಿತ್ತು ಅವರಲ್ಲಿ!

ಆಮೇಲೆ ಫಿನ್‌ಲೆಂಡಿನ ಐನೊ ಒಂದು ಪ್ರಶ್ನೆ ಹಾಕಿದಳು. ಮಂಡಿಯೂರುವ ಚಿತ್ರವೊಂದನ್ನು ಎಲ್ಲೋ ನೋಡಿದ್ದಳಂತೆ. "ನೀನೂ ಮಂಡಿಯೂರುತ್ತೀಯಾ?"

ಕೆಟ್ಟ ಪ್ರಶ್ನೆಯೇನಲ್ಲ, ಹುಡುಗಿ ತಿಳಿಯಬೇಕೆಂದೇ ಕೇಳಿದ್ದಳು. ನಮಾಲ್ವಳ ಬೆರಳು ಮಾತ್ರ ತಡೆದು ನಿಂತಿತು. ಐನೊಳ ಕೋಣೆಯ ಗೋಡೆ ತುಂಬ ಪುಸ್ತಕ, ಕತ್ತರಿಸಿದ ಗಿಡ್ಡ ಕೂದಲು, ಟೀಚರನ್ನು ಹೆಸರು ಹಿಡಿದು ಕರೆಯುವ ಧೈರ್ಯ, ಎಲ್ಲ ಕಣ್ಣ ಮುಂದೆ ಬಂತು. ಅವಳು ಬರೆದದ್ದು ಇಷ್ಟು: "ಇಲ್ಲ, ಈಗ ಯಾರೂ ಇಲ್ಲ. ಓದು ಬರಹ ಇಲ್ಲದ ಹಳ್ಳಿಯ ಮುದುಕಿಯರು ಮಾತ್ರ." ಅಂದು ಬೆಳಿಗ್ಗೆ ಅಂಗಡಿಯ ನೆಲದಿಂದ ಮಂಡಿಗೆ ಮೆತ್ತಿದ್ದ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಪುಡಿಯನ್ನು ಕೂಡ ಅವಳಿನ್ನೂ ಕೊಡವಿರಲಿಲ್ಲ.

ರಜೆ ಬಂತು, ಶಾಲೆಯ ಕಂಪ್ಯೂಟರ್ ಕೋಣೆಗೆ ಬೀಗ ಬಿತ್ತು. ಕೊನೆಯ ಭೇಟಿ ಶನಿವಾರ, ಅವರವರ ಮನೆಯಿಂದಲೇ ಎಂದು ತೀರ್ಮಾನವಾಯಿತು. ನಮಾಲ್ವಳಿಗೆ ಫೋನೆಲ್ಲಿಂದ ಬರಬೇಕು? ಸೆಂಗಾ ತನ್ನದನ್ನೇ ಕೊಟ್ಟಳು. ಇಂಟರ್ನೆಟ್ಟಿಗೆ ದುಡ್ಡು ಹಾಕಿಸಿದವಳೂ ಅವಳೇ. ಹೊಲಿಗೆ ಯಂತ್ರದ ಸದ್ದು ತೊಂದರೆ ಕೊಟ್ಟೀತೆಂದು ಮದುವೆ ಕೆಲಸ ಬದಿಗಿಟ್ಟು ಹೊರಗಿನ ಬೆಂಚಿನ ಮೇಲೆ ಹೋಗಿ ಕೂತಳು. ಎದುರು ಗೊಂಜ ಬಾಳೆಹಣ್ಣು ಸುಡುವ ನಾಲೊಂಗೊ, ಅವಳಿ ಹೆತ್ತ ಮೇಲೆ ಅವಳನ್ನು ಎಲ್ಲರೂ ಕರೆಯುವುದೇ ಹಾಗೆ, ಅಲ್ಲಿಂದಲೇ ಕೂಗಿದಳು: "ಏನಮ್ಮಾ, ನಿನ್ನ ಅಂಗಡಿಯಿಂದ ನಿನ್ನನ್ನೇ ಹೊರಗೆ ಹಾಕಿದ್ರಾ?"

"ಸುಮ್ನಿರೇ, ಒಳಗೆ ಮೂರು ದೇಶ ಕೂತಿದೆ!"

ಭೇಟಿ ಚೆನ್ನಾಗಿಯೇ ನಡೆಯಿತು. ನಮಾಲ್ವ ಫೋನನ್ನು ಯಂತ್ರಕ್ಕೆ ಒರಗಿಸಿ, ಹಿಂದೆ ಬರೀ ಸುಣ್ಣದ ಗೋಡೆ ಕಾಣುವ ಹಾಗೆ ಕೂತು, ಬಾಯಿಪಾಠ ಮಾಡಿದ್ದನ್ನು ಪಟಪಟನೆ ಒಪ್ಪಿಸಿದಳು. ಫಿನ್‌ಲೆಂಡಿನ ಟೀಚರು ಯುಹಾನಿ, ನೆರೆತ ಗಡ್ಡದವರು, ಚಪ್ಪಾಳೆ ತಟ್ಟಿದರು. ಸದ್ದು ಹೊರಗೆ ಕೇಳಿತು. ಪೆರ್ಪೆಟುವಳಿಗೆ ಮುಗಿಯಿತು ಅನ್ನಿಸಿತೋ ಏನೋ, ಎದ್ದು ಒಳಗೆ ಬಂದಳು. ಫೋನಿನಲ್ಲಿ ಗಡ್ಡದ ಹಿರಿಯರೊಬ್ಬರು ಕಂಡರು. ಹಿರಿಯರನ್ನು ಕಂಡ ಮೇಲೆ ಮಾತಾಡಿಸದೆ ಹೇಗಿರುವುದು? ಗೊಮೆಸಿಯ ನೆರಿಗೆ ಒತ್ತಿ ಹಿಡಿದು, ಯಂತ್ರದ ಅಂಚು ಆಧಾರ ಮಾಡಿಕೊಂಡು, ಊದಿದ ಎಡಮಂಡಿಯನ್ನು ಮೊದಲು ನೆಲಕ್ಕೆ ಊರಿ, ಫೋನಿನ ಎದುರು ಕೂತೇಬಿಟ್ಟಳು.

"ಮುಸೀಬ್ಯೆ ಮುತ್ಯಾ" ಎಂದಳು, ರಾಗವಾಗಿ. ಆಮೇಲೆ ಸೊಸೆಯ ಕಡೆ ತಿರುಗಿ, "ನೀನು ಕೂತೇ ಇದೀಯಲ್ಲೇ! ಮೇಷ್ಟ್ರಿಗೆ ಮಂಡಿಯೂರಿ ಕೇಳಿದ್ಯಾ ಇಲ್ವಾ?"

ನಮಾಲ್ವ ತೆರೆಯ ಕಡೆ ನೋಡಿದಳು. ಐನೊಳ ಕಣ್ಣು ಅಗಲವಾದದ್ದು ಕಂಡಿತು. ಮರುಗಳಿಗೆ ಅಂಗೈಯನ್ನು ಕ್ಯಾಮೆರಾದ ಮೇಲೆ ಅಪ್ಪಳಿಸಿ, ಇನ್ನೊಂದು ಕೈಯಿಂದ ಕರೆ ಕತ್ತರಿಸಿದಳು.

"ನೆಟ್‌ವರ್ಕ್ ಹೋಯ್ತು ಸೆಂಗಾ."

"ಅಯ್ಯೋ! ನಾನು ಕೇಳಿದ್ದು ಅವರಿಗೆ ಕೇಳಿಸ್ತಾ?"

"ಗೊತ್ತಿಲ್ಲ."

ಪೆರ್ಪೆಟುವ ಏಳಲಿಲ್ಲ. ಉತ್ತರ ಬರದೆ ಏಳುವುದು ಅವಳಿಗೆ ಅಭ್ಯಾಸವೇ ಇರಲಿಲ್ಲ. ಕರಿ ಗಾಜಿನ ಮುಂದೆ ಮಂಡಿಯೂರಿಕೊಂಡೇ ಕಾದಳು. ನೆಟ್‌ವರ್ಕ್ ಬಂದೀತು ಎಂದು ಕಾದಳು. ಕೊನೆಗೆ ನಮಾಲ್ವಳೇ ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

ಆಮೇಲೆ ನಾಲ್ಕು ದಿನ ಆ ಹುಡುಗಿಗೆ ನೆಮ್ಮದಿ ಎಂಬುದಿರಲಿಲ್ಲ. ಸೆಂಗಾ ಗುಂಡಿ ಹಾಕುತ್ತ ಕೇಳುವಳು, "ಆ ಗಡ್ಡದವರು ಏನಾದ್ರೂ ಹೇಳಿ ಕಳಿಸಿದ್ರಾ?" ಊಟಕ್ಕೆ ಕೂತಾಗ ಮತ್ತೆ, "ನಾನು ಹಲವರನ್ನು ಕೇಳೋ ಹಾಗೆ ಸರಿಯಾಗೇ ಕೇಳಿದ್ನಲ್ಲ?" ನಮಾಲ್ವ ತಟ್ಟೆಯಲ್ಲಿ ಮುಖ ಹುದುಗಿಸುವಳು. ಮಂಡಿಯೂರಿ ಕೇಳಿದ ಹೆಂಗಸಿಗೆ ಉತ್ತರ ಕೊಡದೆ ಹೋಗುವುದು ನಮ್ಮಲ್ಲಿ ಮುಖಕ್ಕೆ ಹೊಡೆದದ್ದಕ್ಕಿಂತ ಹೆಚ್ಚು. ನಾಲೊಂಗೊ ಬಿಡುತ್ತಾಳೆಯೇ? "ನಿನ್ನ ಮೂರು ದೇಶದಲ್ಲಿ ಒಂದಕ್ಕೂ ಬಾಯಿಲ್ವೇನೇ ಪೆರ್ಪೆಟುವ?" ಎಂದು ಕೆಂಡ ಊದುತ್ತ ಕೇಳಿದಳು. ಯಾವ ಮಾತಿಗೂ ಸೋಲದ ಪೆರ್ಪೆಟುವ ಅವತ್ತು ತಲೆ ತಗ್ಗಿಸಿ ಸೂಜಿಗೆ ನೂಲು ಪೋಣಿಸತೊಡಗಿದಳು.

ಈ ನಡುವೆ ಶುಕ್ರವಾರದೊಳಗೆ ಪ್ರಬಂಧ ಕಳಿಸಬೇಕಿತ್ತು: ಡಿಜಿಟಲ್ ಸಾಧನಗಳಿಂದ, ಹೊರದೇಶದ ಗೆಳೆಯರಿಂದ ನಾನು ಕಲಿತದ್ದು. "ಈ ಸಾಧನಗಳು ದೂರವನ್ನು ಅಳಿಸಿಹಾಕಿವೆ, ಜಗತ್ತೆಲ್ಲ ಒಂದೇ ತರಗತಿಯಾಗಿದೆ" ಎಂದು ನಮಾಲ್ವ ಶುರುಮಾಡಿದ್ದಳು. ಬುಧವಾರ ಸಂಜೆ ಫೋನಿಗೆ ಕಿಗೋಂಗೊ ಮೇಷ್ಟ್ರ ಸಂದೇಶ ಬಂತು. ಶನಿವಾರದ ಭೇಟಿಯ ವಿಡಿಯೊ, ಕೆಳಗೆ ಒಂದು ಸಾಲು: "ಕೊನೆಯ ತನಕ ನೋಡು. ಆಮೇಲೆ ಪ್ರಬಂಧ ಬರಿ."

ಅಂಗಡಿಯ ಹಿಂದೆ, ನೀರಿನ ಡ್ರಮ್ಮಿನ ಪಕ್ಕ ಕೂತು ನೋಡಿದಳು. ಸೆಂಗಾಳ ಮುಖ ಬಂತು. ನೋವಿಗೆ ತುಟಿ ಕಚ್ಚಿಕೊಂಡದ್ದು, ಕೂಡಲೇ ಅದನ್ನು ನುಂಗಿ ನಕ್ಕದ್ದು, ಎರಡೂ ಎಷ್ಟು ಸ್ಪಷ್ಟ! ಅಂದು ಪಕ್ಕದಲ್ಲೇ ಇದ್ದರೂ ಅವಳು ಅದನ್ನು ನೋಡಿರಲಿಲ್ಲ. ಆಮೇಲೆ ಒಂದು ಅಂಗೈ ಬಂದು ಎಲ್ಲವನ್ನೂ ಮುಚ್ಚಿತು. ಅಂಗೈಯ ಗೆರೆಗಳು ಕೂಡ ಕಾಣುತ್ತಿದ್ದವು. ನೆಟ್‌ವರ್ಕ್ ಎಂದರೆ ಯಾವ ಮೂರ್ಖ ನಂಬುತ್ತಾನೆ?

ವಿಡಿಯೊ ಅಲ್ಲಿಗೇ ಮುಗಿದಿರಲಿಲ್ಲ. ಅವಳ ಚೌಕ ಮಾಯವಾದರೂ ಉಳಿದವರು ಇದ್ದರು. ಕಿಗೋಂಗೊ ಮೇಷ್ಟ್ರು ತಲೆ ತಗ್ಗಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಐನೊ ಏನನ್ನೋ ಅವಸರವಾಗಿ ಹುಡುಕುತ್ತಿದ್ದಳು. "ಸಿಕ್ಕಿತು, ನಮಾಲ್ವ ಬರೆದಿದ್ದಾಳೆ, ಉತ್ತರ ಇಲ್ಲಿದೆ!" ಎಂದಳು. ಮರಳಿ ಬಂದ ಕೂಡಲೇ ಹೇಳೋಣ ಎಂದು ಎಲ್ಲರೂ ಎರಡು ಸಲ ಹೇಳಿ ನೋಡಿದರು. ತೊಮಾಸ್ ಕುರ್ಚಿ ಬಿಟ್ಟಿಳಿದ. ತೆರೆಯ ಅಂಚಿನಲ್ಲಿ ಅವನ ಕೆದರಿದ ಕೂದಲಷ್ಟೇ ಕಾಣಿಸಿತು, ಅವನು ಮಂಡಿಯೂರಿದ್ದ. ಯುಹಾನಿ ಎದ್ದು ನಿಂತರು. "ಬುಲುಂಗಿ, ನ್ಯಾಬೊ" ಎಂದು ಎಲ್ಲರೂ ಕೂಡಿ, ವಕ್ರವಕ್ರವಾಗಿ, ಅವಳದೇ ದನಿಯ ರಾಗ ಹಿಡಿದು ಹೇಳಿದರು. ಆಮೇಲೆ ಕಾದರು. ಏಳು ನಿಮಿಷ ಕಾದರು. ಅಲ್ಲಿ ಅವರು, ಇಲ್ಲಿ ಸೆಂಗಾ, ನಡುವೆ ಒಂದು ಅಂಗೈ.

ಯಾರ ಮುಂದೆ ನಾಚಿಕೆಯಾಗಬಾರದು ಎಂದು ನಮಾಲ್ವ ಕೈ ಅಡ್ಡ ಇಟ್ಟಳೋ ಅವರೇ ಉತ್ತರ ಹೇಳಿ ಕಾದಿದ್ದರು, ಒಬ್ಬನಂತೂ ಮಂಡಿಯೂರಿ. ತನ್ನ ಮೇಲೆ ತನಗೇ ಅಷ್ಟು ಅಸಹ್ಯ ಅವಳಿಗೆ ಹಿಂದೆಂದೂ ಆಗಿರಲಿಲ್ಲ. ಅಳಿಸಿಬಿಡಲೇ? ಬೆರಳು ಅಳಿಸುವ ಗುರುತಿನ ಮೇಲೆ ಹೋಗಿ ನಿಂತಿತು. ಫೋನು ಸೆಂಗಾಳದು, ಇವತ್ತಲ್ಲ ನಾಳೆ ತೆರೆದು ನೋಡುತ್ತಾಳೆ. ಅಳಿಸಿದರೆ ಅಂಗೈಯೂ ಹೋಗುತ್ತದೆ, ಆ ಉತ್ತರವೂ ಹೋಗುತ್ತದೆ. ಉಳಿಸಿದರೆ ಉತ್ತರ ಸಿಗುತ್ತದೆ, ಜೊತೆಗೆ ತನ್ನ ಅಂಗೈ. ನಾಲ್ಕು ದಿನದಿಂದ ಆ ಮುದಿ ಹೆಂಗಸು ಗುಂಡಿ ಹಾಕುತ್ತ ಹಾಕುತ್ತ ಕಾಯುತ್ತಿರುವ ಉತ್ತರ ಅದು.

ಎದ್ದು ಒಳಗೆ ಹೋದಳು. "ಸೆಂಗಾ, ಅವರು ಉತ್ತರ ಕೊಟ್ಟಿದಾರೆ."

"ಬನ್ನಂಗೆ, ನಮ್ಮವರೇ! ಕೊಟ್ರಾ? ತಾ ಇಲ್ಲಿ, ತಾ!" ಪೆರ್ಪೆಟುವ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಉಗಿದು ಕನ್ನಡಕ ಏರಿಸಿದಳು. ನೋಡಿದಳು. ತನ್ನ ಮುಖ ಕಂಡು ನಕ್ಕಳು, "ನೋಡು, ಭುಜ ಎಷ್ಟು ನೆಟ್ಟಗೆ ನಿಂತಿದೆ." ಅಂಗೈ ಬಂದಾಗ ಫೋನನ್ನು ಕಣ್ಣಿನ ಹತ್ತಿರ ತಂದಳು. ಕೊನೆಯ ತನಕ ನೋಡಿದಳು. ಎಲ್ಲರೂ ಕೂಡಿ ಉತ್ತರ ಹೇಳಿದಾಗ, ಫೋನನ್ನು ಮಡಿಲಲ್ಲಿ ಇಟ್ಟುಕೊಂಡು, ಮೆಲ್ಲಗೆ "ಮ್ಮ್" ಎಂದು ಗುನುಗಿ, ಶನಿವಾರ ಅರ್ಧಕ್ಕೆ ನಿಂತದ್ದನ್ನು ಮುಗಿಸಿದಳು.

"ಆ ಕೈ ಬರ್ತದಲ್ಲ, ಅಲ್ಲಿಗೆ ಹಿಂದೆ ಹೋಗು."

ನಮಾಲ್ವ ವಿಡಿಯೊ ಹಿಂದಕ್ಕೆ ಸರಿಸಿದಳು.

"ನಿಲ್ಲಿಸು." ಪೆರ್ಪೆಟುವ ಬಹಳ ಹೊತ್ತು ನೋಡಿದಳು. "ಹೆಬ್ಬೆರಳ ಮೇಲೆ ಇಸ್ತ್ರಿ ಪೆಟ್ಟಿಗೆಯ ಸುಟ್ಟ ಗಾಯ. ನಾನೇ ಔಷಧಿ ಹಚ್ಚಿದ್ದು." ಬೈಯಬಾರದಿತ್ತೇ! ಬೈದಿದ್ದರೆ ಹುಡುಗಿ ಅತ್ತು ಹಗುರವಾಗುತ್ತಿದ್ದಳು. ಫೋನನ್ನು ಅವಳ ಕೈಗೇ ಕೊಟ್ಟು ಯಂತ್ರ ತುಳಿಯತೊಡಗಿದಳು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತು. ಮಾರುಕಟ್ಟೆಗೆ ಜನ ಬರುತ್ತಿದ್ದರು, ನಾಲೊಂಗೊ ಇದ್ದಿಲು ಸುರಿಯುತ್ತಿದ್ದಳು. ನಮಾಲ್ವ ಅಂಗಡಿಯ ಬಾಗಿಲಲ್ಲೇ, ಬೀದಿಗೆಲ್ಲ ಕಾಣುವ ಹಾಗೆ, ಎರಡೂ ಮಂಡಿ ಊರಿದಳು.

"ರಾತ್ರಿ ಚೆನ್ನಾಗಿ ಕಳೀತಾ ಸೆಂಗಾ?"

ಪೆರ್ಪೆಟುವ ಅಳತೆ ಪಟ್ಟಿ ಕೊರಳಿಗೆ ಹಾಕಿಕೊಂಡಳು. ನಿನ್ನೆಯ ಗೊಮೆಸಿ ಬಿಡಿಸಿ, ಕೊಡವಿ, ಬೆಳಕಿಗೆ ಹಿಡಿದು ಹೊಲಿಗೆ ನೋಡಿದಳು. ಆಮೇಲೆ ಸೊಸೆಯ ಕಡೆ ನೋಡದೆಯೇ ಹೇಳಿದಳು.

"ನೆಟ್‌ವರ್ಕ್ ಹೋಗಿದೆ ಕಣಮ್ಮ."

ಎದುರಿಗೆ ನಾಲೊಂಗೊ ಕೆಂಡ ಊದುವುದನ್ನು ಬಿಟ್ಟು ನೋಡಿದಳು. ಟೊಮೇಟೊ ಬುಟ್ಟಿ ಹೊತ್ತವರು, ಶಾಲೆಯ ಇಬ್ಬರು ಹುಡುಗಿಯರು, ಬೋಡಾ ಎಂಬ ಬಾಡಿಗೆ ಬೈಕಿನ ಸವಾರ, ಎಲ್ಲರೂ ನೋಡಿಕೊಂಡೇ ಹಾದುಹೋದರು. ನಮಾಲ್ವ ತಲೆ ತಗ್ಗಿಸಿದಳು, ಆದರೆ ಏಳಲಿಲ್ಲ. ನೋಡುವವರು ನೋಡಲಿ ಎಂದು ಆ ಸಿಮೆಂಟು ನೆಲದ ಮೇಲೆ ಉತ್ತರಕ್ಕಾಗಿ ಕಾಯುತ್ತ ಕೂತಳು.