ಹುಳುಮನೆಯ ಮುಂದೆ ನಿಂತ ಜೀಪು

ಯುದ್ಧಕಾಲದ ನಮ್ಮ ಜೀಪು ಕಾದ ಮೇಲೆ ಆರಿಸಿದರೆ, ಇಳಿಜಾರಿನಲ್ಲಿ ತಳ್ಳದೆ ಮತ್ತೆ ಹೊರಡುತ್ತಿರಲಿಲ್ಲ. ಅದಕ್ಕೇ ಶಿಡ್ಲಘಟ್ಟದಾಚೆಯ ಹಳ್ಳಿಯೊಂದರಲ್ಲಿ ರೇಡಿಯೇಟರಿಗೆ ನೀರು ಹಾಕುವಾಗಲೂ ಡ್ರೈವರ್ ಬಾಷಾ ಎಂಜಿನ್ ಆರಿಸಲಿಲ್ಲ. ಕಪ್ಪು ಹೊಗೆ ಪಕ್ಕದ ಮನೆಯ ಕಿಟಕಿಗೆ ನುಗ್ಗುತ್ತಿತ್ತು.

ಒಳಗಿನಿಂದ ಮುದುಕಿಯೊಬ್ಬಳು ಓಡಿಬಂದಳು. "ಆರಿಸ್ರಪ್ಪಾ! ಒಳಗೆ ರೇಷ್ಮೆ ಹುಳ ಮೇಯ್ತಾ ಅವೆ. ಈ ಹೊಗೆ ಕುಡಿದ್ರೆ ಉಳೀತಾವಾ?"

"ಆರಿಸಿದ್ರೆ ಮತ್ತೆ ಹೊರಡಲ್ಲಮ್ಮ," ಎಂದ ಬಾಷಾ.

"ನಮ್ಮ ಹುಳಾನೂ ಹಂಗೇ ಕಣಪ್ಪ. ಸತ್ರೆ ಮತ್ತೆ ಏಳಲ್ಲ."

ನಾನೇ ಕೈಚಾಚಿ ಆರಿಸಿದೆ. ಅರಳಿಕಟ್ಟೆಯ ಗಂಡಸರು ಎದ್ದು ಬಂದು, ನಮ್ಮನ್ನು ಕೆರೆ ಏರಿಯ ಇಳಿಜಾರಿನವರೆಗೂ ತಳ್ಳಿದರು. ಮುದುಕಿಯೂ ಕೈಹಚ್ಚಿದಳು.

ವಾರದೊಳಗೆ ಅದೇ ದಾರಿಯಲ್ಲಿ ಹಿಂದಿರುಗುವಾಗ, ರೇಡಿಯೇಟರಿಗೆ ನೀರು ಹಾಕಲು ಮತ್ತೆ ಆ ಮನೆಯ ಮುಂದೆಯೇ ನಿಂತೆವು. ಹುಳು ಗೂಡು ಕಟ್ಟುವ ಕಾಲ ಇನ್ನೂ ಬಂದಿರಲಿಲ್ಲ. ಆದರೂ ಹುಳು ಮೇಯಿಸುವ ಬಿದಿರು ತಟ್ಟೆಗಳನ್ನು ಬರಿದು ಮಾಡಿ, ತೊಳೆದು ಗೋಡೆಗೆ ಒರಗಿಸಿದ್ದರು. ನಮ್ಮ ಹೊಗೆಯೋ, ಬೇರೆ ರೋಗವೋ, ಕೇಳಲು ಧೈರ್ಯ ಬರಲಿಲ್ಲ. ಬಾಷಾ ಸ್ವಿಚ್ಚಿಗೆ ಕೈ ಹಾಕಿದ.

"ಓಡ್ಲಿ ಬಿಡಪ್ಪ," ಎಂದಳು ಜಗಲಿಯಲ್ಲಿದ್ದ ಮುದುಕಿ. "ಈಗ ಒಳಗೆ ಒಂದು ಹುಳಾನೂ ಇಲ್ಲ."

ಆದರೂ ಅವನು ಆರಿಸಿದ. ಏರಿಯವರೆಗೆ ನಾವಿಬ್ಬರೇ ತಳ್ಳಿಕೊಂಡು ಹೋದೆವು, ಯಾರನ್ನೂ ಕರೆಯಲಿಲ್ಲ. ಅಷ್ಟು ಮರ್ಯಾದಸ್ಥ ಜೀಪನ್ನು ಆ ಊರು ಅದಕ್ಕೆ ಮೊದಲು ಕಂಡಿರಲಾರದು.