ಮೂರನೆಯ ಟ್ರೊಂಬೋನ್

ಶಕುನ, ಅಶರೀರವಾಣಿ ಎಂದು ಯಾರಾದರೂ ಶುರು ಮಾಡಿದರೆ ನಾನು ಮುಖಕ್ಕೇ ನಗುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ಹೇಳಿಬಿಡುತ್ತೇನೆ, ನೀವೇ ತೀರ್ಮಾನಿಸಿ.

ಸೌದಿಯ ಥುಕ್ಬಾದಲ್ಲಿ ನನ್ನ ರೂಮಿನಲ್ಲಿದ್ದವರು ನಮ್ಮ ಕಂಪನಿಯ ಸ್ಟೋರ್‌ಕೀಪರ್ ಲಾರೆನ್ಸ್ ಅಣ್ಣ. ಉಡುಪಿ ಕಡೆಯವರು. ಹತ್ತೊಂಬತ್ತಕ್ಕೇ ಮುಂಬಯಿ ಸೇರಿ, ದೊಡ್ಡ ಹೋಟೆಲೊಂದರ ಹದಿನಾರು ಜನರ ಜಾಜ್ ಬ್ಯಾಂಡಿನಲ್ಲಿ ಟ್ರೊಂಬೋನ್ ಊದಿದವರು. ಹೋಟೆಲಿನವರು ಬ್ಯಾಂಡ್ ನಿಲ್ಲಿಸಿದ ಮೇಲೆ ಮದುವೆಗಳಲ್ಲಿ ಊದಿದರು. ಅದರಲ್ಲಿ ಹೊಟ್ಟೆ ತುಂಬದೆ ಸೌದಿಗೆ ಬಂದರು. ಶುಕ್ರವಾರ ಮಂಚದ ಕೆಳಗಿನ ಆ ಉದ್ದನೆಯ ಹಿತ್ತಾಳೆ ವಾದ್ಯವನ್ನು ತೆಗೆದು, ಪಕ್ಕದವರು ಗಲಾಟೆ ಮಾಡಬಾರದೆಂದು ಅದರ ಬಾಯಿಗೆ ಟವೆಲ್ ತುರುಕಿ ಅಭ್ಯಾಸ ಮಾಡುತ್ತಿದ್ದರು. ಅವರದು ಮೂರನೆಯ ಟ್ರೊಂಬೋನ್. ಅಂದರೆ ರಾಗ ಬೇರೆಯವರದು, ಇವರು ನಡುವೆ ತುಂಬುವವರು. ನಾಲ್ಕು ಸ್ವರ ಊದುವುದು, ಆಮೇಲೆ ಕಾಲ್ಬೆರಳು ಕುಣಿಸಿ ಎಣಿಸುತ್ತಾ ಸುಮ್ಮನೆ ಕೂರುವುದು.

"ಇದೆಂತ ಹಾಡು ಮಾರಾಯ್ರೆ, ತಲೆಬುಡ ಇಲ್ಲ!" ಎಂದು ನಾನು ಚುಡಾಯಿಸುತ್ತಿದ್ದೆ.

"ಉಳಿದವರು ಬಂದ್ರೆ ಹಾಡು ಆಗ್ತದೆ ಮಾರಾಯ," ಎನ್ನುತ್ತಿದ್ದರು.

ಒಂದು ವರ್ಷ ಆ ಉಳಿದವರೆಲ್ಲ ಮುಂಬಯಿಯಲ್ಲಿ ಒಂದು ಸಂಜೆ, ಕೊನೆಯ ಸಲ, ಒಟ್ಟಿಗೆ ನುಡಿಸುವುದೆಂದು ಗೊತ್ತಾಯಿತು. ಲಾರೆನ್ಸ್ ಅಣ್ಣ ಎರಡು ತಿಂಗಳ ಮೊದಲೇ ಟಿಕೆಟ್ ಮಾಡಿಸಿದರು. ಕಂಪನಿಯಲ್ಲಿ ಎಲ್ಲರ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ಮತ್ತು ವೀಸಾ ನೋಡಿಕೊಳ್ಳುವವನು ನಾನೇ. ದೇಶ ಬಿಟ್ಟು ಹೋಗಿ ಬರಲು ಬೇಕಾದ ರೀ-ಎಂಟ್ರಿ ವೀಸಾ ಆಯ್ತಾ ಎಂದು ಅವರು ಕೇಳಿದಾಗಲೆಲ್ಲ ಎರಡು ನಿಮಿಷದ ಕೆಲಸ ಎನ್ನುತ್ತಿದ್ದೆ. ಹೊರಡುವ ಗುರುವಾರ ಸಂಜೆ ಕಂಪ್ಯೂಟರಿನ ಮುಂದೆ ಕೂತಾಗ ಅವರ ಇಕಾಮಾ ಅವಧಿಯೇ ಮುಗಿದಿತ್ತು. ಅದನ್ನು ನವೀಕರಿಸದೆ ವೀಸಾ ಸಿಗದು. ಅದಕ್ಕೆ ಒಪ್ಪಿಗೆ ಕೊಡಬೇಕಾದ ಕಫೀಲ್, ನಮ್ಮ ಅರಬ್ಬಿ ಮಾಲೀಕ, ಫೋನೆತ್ತಲಿಲ್ಲ. ಶುಕ್ರವಾರ, ಶನಿವಾರ ಆಫೀಸಿಗೆ ರಜೆ. ಲಾರೆನ್ಸ್ ಅಣ್ಣ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಶುಕ್ರವಾರ ಸಂಜೆ ಐದು, ಅಂದರೆ ಮುಂಬಯಿಯಲ್ಲಿ ಏಳೂವರೆ, ಕಾರ್ಯಕ್ರಮ ಶುರುವಾಗುವ ಹೊತ್ತು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತೊಡೆಯ ಮೇಲೆ ಟ್ರೊಂಬೋನ್ ಇಟ್ಟುಕೊಂಡು ಮಂಚದ ಮೇಲೆ ಕೂತಿದ್ದರು. ಟವೆಲ್ ಇರಲಿಲ್ಲ. ನಾನು ನಾಚಿಕೆಯಿಂದ ಗೋಡೆಯ ಕಡೆ ತಿರುಗಿ ಮಲಗಿದ್ದೆ. ಆಗ ಏಸಿ ಸದ್ದಿನ ಅಡಿಯಿಂದ ಡ್ರಮ್ ಕೇಳಿಸಿತು. ಹಿಂದೆಯೇ ಹತ್ತಾರು ವಾದ್ಯಗಳು. ಅವರ ಫೋನ್ ಸ್ವಿಚ್ ಆಫ್ ಆಗಿ ನನ್ನ ದಿಂಬಿನ ಹತ್ತಿರವೇ ಬಿದ್ದಿತ್ತು. ಎದ್ದು ಏಸಿ ಆರಿಸಿದೆ. ಸದ್ದು ಇನ್ನೂ ಸ್ಪಷ್ಟವಾಯಿತು. ಲಾರೆನ್ಸ್ ಅಣ್ಣ ಕಣ್ಣು ಮುಚ್ಚಿ, ಕಾಲ್ಬೆರಳಿನಲ್ಲಿ ಎಣಿಸಿ, ವಾದ್ಯ ಎತ್ತಿ ಊದಿದರು. ಮೂರು ವರ್ಷ ನಾನು ನಗಾಡಿದ್ದ ಅದೇ ತುಂಡು ಸ್ವರಗಳು ಹೋಗಿ ಆ ಹಾಡಿನಲ್ಲಿ ಕೂತುಕೊಂಡವು. ಅದೊಂದು ಚೆಂದದ, ಸಂಕಟದ ಹಾಡು.

ಕಾಲು ಗಂಟೆಯಾದ ಮೇಲೆ ಎಲ್ಲ ನಿಂತಿತು. ಅವರು ಕಣ್ಣು ಬಿಟ್ಟು ನನ್ನನ್ನು ನೋಡಿದರು.

"ನಿನಗೂ ಕೇಳಿತಾ?" ಬೇಡಿಕೊಳ್ಳುವ ದನಿ ಅದು.

"ಎಂತದು? ನೀವು ಊದಿದ್ದು ಮಾತ್ರ ಕೇಳಿತು," ಎಂದೆ.

"ಹಾಗಾದ್ರೆ ನನ್ನ ತಲೆಯೊಳಗೇ," ಎಂದು ತಲೆಯಾಡಿಸಿ, ವಾದ್ಯ ಒರೆಸಿ ಪೆಟ್ಟಿಗೆಯಲ್ಲಿಟ್ಟರು. ಮತ್ತೆ ಅದನ್ನು ತೆಗೆಯಲಿಲ್ಲ. ಮರುವರ್ಷ ಊರಿಗೆ ಹೋಗಿ ತೀರಿಕೊಂಡರು.

ಆ ಸದ್ದು ಎಲ್ಲಿಂದ ಬಂತೋ ನನಗಿನ್ನೂ ತಿಳಿಯದು. ಕೇಳಿತು ಎಂಬ ಒಂದು ಮಾತು ಆ ಹೊತ್ತು ನನ್ನ ಬಾಯಿಂದ ಯಾಕೆ ಹೊರಡಲಿಲ್ಲ ಎಂಬುದೂ ತಿಳಿಯದು. ಅಂದು ಅವರು ಬ್ಯಾಂಡಿನ ಜೊತೆ ಊದಿದ್ದರು. ಅದು ಗೊತ್ತಿದ್ದವನು ನಾನೊಬ್ಬನೇ.