ಏಳನೆಯ ಪುಟದ ಬಿಳುಪು

ಪೀಣ್ಯದ ಗೆಳೆಯನ ಶೆಡ್ಡಿನಲ್ಲಿ, ಲೋಹದ ಫಲಕಗಳ ಮೇಲೆ ಅಕ್ಷರ ಕೊರೆಯುವ ಯಂತ್ರದ ಪಕ್ಕದ ಮೊಳೆಗೆ, ನಾನು ಬರೆದ ಕೈಪಿಡಿಯನ್ನು ದಾರ ಕಟ್ಟಿ ತೂಗುಹಾಕಿದ್ದರು. ಆ ಯಂತ್ರವನ್ನು ಓಡಿಸುವುದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಅದಕ್ಕೊಂದು ಕನ್ನಡ ಕೈಪಿಡಿ ಇರಲೆಂದು, ವೈಟ್‌ಫೀಲ್ಡಿನ ಕಚೇರಿಗೆ ರಜೆಯಿದ್ದ ಭಾನುವಾರಗಳಲ್ಲಿ ಕೂತು, ಇಂಗ್ಲಿಷಿನದನ್ನು ನೋಡಿಕೊಂಡು ಬರೆದಿದ್ದೆ. ಮೊದಲ ಆರು ಪುಟಗಳು ಎಣ್ಣೆಗೈಗಳ ಗುರುತಿನಿಂದ ಕಪ್ಪಾಗಿದ್ದವು. ಏಳನೆಯದರಿಂದ ಕೊನೆಯವರೆಗೆ ಮದುವೆಯ ಪಂಚೆಯ ಬಿಳುಪು. ಮಿತ್ರರೇ, ಇಷ್ಟು ನಿಷ್ಠುರವಾದ ವಿಮರ್ಶೆ ನನಗೆ ಈವರೆಗೆ ಬಂದಿರಲಿಲ್ಲ.

ಪುಕ್ಕಟೆ ಬರೆದವನಿಗೆ ಉಪಕಾರ ಮಾಡಿದೆನೆಂಬ ಸಮಾಧಾನ ಬಹಳ ಬೇಗ ಬಂದುಬಿಡುತ್ತದೆ. ಓದುವವರಿಗೆ ಪುಕ್ಕಟೆ ಸಿಕ್ಕಿದ್ದನ್ನು ಪ್ರಶ್ನಿಸುವ ಸಂಕೋಚ. ಆ ಸಮಾಧಾನಕ್ಕೂ ಈ ಸಂಕೋಚಕ್ಕೂ ನಡುವೆ ಇಂಥ ಕೈಪಿಡಿಗಳು ವರ್ಷಗಟ್ಟಲೆ ಸುಖವಾಗಿ ಬಾಳುತ್ತವೆ.

ಶರಣಮ್ಮನಿಗೆ ಮಾತ್ರ ಆ ಸಂಕೋಚಕ್ಕೆ ಪುರುಸೊತ್ತಿರಲಿಲ್ಲ. ರಾಯಚೂರು ಕಡೆಯ ಆಕೆ ಅದೇ ಶೆಡ್ಡಿನಲ್ಲಿ ಆರು ವರ್ಷ ನಿಂತೇ ಪ್ಯಾಕಿಂಗ್ ಮಾಡಿ, ಈಗಷ್ಟೇ ಈ ಯಂತ್ರಕ್ಕೆ ಬಂದಿದ್ದರು. "ಇವತ್ತು ಸಂಜೆಯೊಳಗೆ ಸರಿಯಾಗಿ ಓಡ್ಲಿಲ್ಲ ಅಂದ್ರೆ ಇದು ಗುಜರಿಗೆ, ಅವ್ರು ವಾಪಸ್ ಪ್ಯಾಕಿಂಗ್‌ಗೆ ಗುರು," ಎಂದು ಗೆಳೆಯ ಅವರೆದುರೇ ಹೇಳಿದ. ಆಕೆ ಏಳನೆಯ ಪುಟ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಯಂತ್ರದ ತುದಿ ಒಂದು ಮಿಲಿಮೀಟರ್ ಸರಿಯಲು ಮೋಟಾರು ಇಡಬೇಕಾದ ಹೆಜ್ಜೆಗಳ ಸಂಖ್ಯೆಯನ್ನು 'ಯಥೋಚಿತವಾಗಿ ನಮೂದಿಸಿ' ಎಂದು ನಾನು ಬರೆದಿದ್ದೆ. ಆ ಪದ ಹೊಳೆದ ದಿನ ಖುಷಿಗೆ ಎರಡು ಲೋಟ ಕಾಫಿ ಕುಡಿದಿದ್ದೆ.

"ಯಥೋಚಿತ ಅಂದ್ರ ಎಷ್ಟ್ರಿ ಸರ?"

ಮೂಲ ಇಂಗ್ಲಿಷ್ ಪುಟ ತೆರೆದು ನೋಡಿದೆ. ಅಲ್ಲಿಯೂ ಯಥೋಚಿತವೇ ಇತ್ತು. ಗೊತ್ತಿಲ್ಲ ಎಂದೆ. ನಾಚಿಕೆಯಾಯಿತು.

ಆಕೆ ಸುಮ್ಮನೆ ನೂರು ಎಂದು ಒತ್ತಿ, ಹತ್ತು ಸೆಂಟಿಮೀಟರ್ ಗೆರೆ ಎಳೆಯಲು ಯಂತ್ರಕ್ಕೆ ಹೇಳಿದರು. ಸ್ಕೇಲು ಇಟ್ಟು ಅಳೆದರೆ ನಾಲ್ಕೇ ಬಂದಿತ್ತು. ರಟ್ಟಿನ ತುಂಡಿನ ಮೇಲೆ ಲೆಕ್ಕ ಹಾಕಿ ಇನ್ನೂರೈವತ್ತು ಮಾಡಿದರು. ಗೆರೆ ಸರಿಯಾಗಿ ಹತ್ತಕ್ಕೆ ನಿಂತಿತು. ಗೆಳೆಯ ಬಗ್ಗಿ ನೋಡಿ, "ನಾಳೆಯಿಂದ ನೀವೇ ನೋಡ್ಕೊಳ್ಳಿ ಶರಣಮ್ಮ," ಎಂದು ಹೊರಗೆ ಹೋದ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಇದನ್ನ ಬರಿಯೋ ಮುಂದ ಇಂಥಾ ಮಷಿನ್ ನೋಡಿದ್ರೇನ್ರಿ ಸರ?"

"ಇಲ್ಲಮ್ಮ."

ತಮಗೆಂದು ಹೊಸದಾಗಿ ಕೊಟ್ಟಿದ್ದ ಸ್ಟೂಲನ್ನು ಆಕೆ ನನ್ನತ್ತ ಸರಿಸಿದರು.

"ಹಂಗಾರ ಕುಂದರ್ರಿ, ತೋರಸ್ತೀನಿ."